ತಟ್ಟೆಯಲ್ಲಿ ಸಿಕ್ಕಿದ ಗುರು

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ ಎಂಬ ಬಾಲಕ, ಗ್ರಾಮಫೋನಿನಲ್ಲಿ ಕೇಳಿದ ಹಾಡನ್ನು ಕೇಳಿದಂತೆಯೇ ಒಪ್ಪಿಸಿಬಿಡುತ್ತಿದ್ದ. ಹೆಸರಾಂತ ಗಾಯಕರ ಮೂರು ಮೂರು ನಿಮಿಷಗಳ ಗಾಯನ, ಅದರ ತಾನು ತಿರುವುಗಳೊಡನೆ, ಆ ಎಳೆಯ ಕೊರಳಿನಿಂದ ಹೊರಡುವುದನ್ನು ಕೇಳಿ ಜನ ಬೆರಗಾದರು. ಮಠದ ಸ್ವಾಮಿಗಳೊಬ್ಬರು ‘ಕುಮಾರ ಗಂಧರ್ವ’ ಎಂದು ಹರಸಿದರು. ಆ ಹೆಸರೇ ನಿಂತಿತು. ಆದರೂ ಹನ್ನೊಂದರ ಆಸುಪಾಸಿನಲ್ಲಿ ಈ ಬಾಲಕ ಮುಂಬಯಿಗೆ ಹೋಗಿ ಬಿ. ಆರ್. ದೇವಧರರ ಸಂಗೀತಶಾಲೆಗೆ ಸೇರಬೇಕಾಯಿತು. ಕೇಳಿದ್ದನ್ನು ಒಪ್ಪಿಸುವುದು ಬೇರೆ, ರಾಗವನ್ನು ತಾನೇ ಬೆಳೆಸುವುದು ಬೇರೆ. ತಟ್ಟೆ ಮೊದಲನೆಯದನ್ನು ಕಲಿಸೀತು. ಎರಡನೆಯದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ.

ಈ ಪೇಚು ನಮ್ಮ ಸಂಗೀತಕ್ಕೆ ಮಾತ್ರ ಸೇರಿದ್ದಲ್ಲ. ಅಮೆರಿಕದ ದಕ್ಷಿಣ ಸೀಮೆಯ ಕಪ್ಪುವರ್ಣೀಯ ಜನರ ನಡುವೆ ಹುಟ್ಟಿದ ‘ಬ್ಲೂಸ್’ ಎಂಬ ಗಾನಪದ್ಧತಿಯ ಹಳೆಯ ಗಿಟಾರ್ ವಾದನವನ್ನು ಕಲಿಯಹೊರಟವರೂ ಇದನ್ನೇ ಅನುಭವಿಸಿದರು. ಅದರಲ್ಲಿ ಬರಿಯ ಬೆರಳುಗಳೇ ಸಾಧನ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದೇ ಸಮನೆ ಮಂದ್ರಸ್ವರಗಳನ್ನು ಮೀಟುತ್ತ ತಾಳ ಹಿಡಿಯುತ್ತದೆ. ತೋರುಬೆರಳೂ ನಡುಬೆರಳೂ ಸಣ್ಣ ತಂತಿಗಳ ಮೇಲೆ ಹಾಡನ್ನು ಬಿಡಿಸುತ್ತವೆ, ಅದೂ ತಾಳಕ್ಕಿಂತ ತುಸು ಮುಂದೆ, ತುಸು ಹಿಂದೆ. ಕೇಳುವವನಿಗೆ ಇಬ್ಬರು ಕುಳಿತು ನುಡಿಸಿದಂತೆ ಭ್ರಮೆ. ಬಲಗೈಯಿಂದ ಗುಂಡು ತಿರುಗಿಸುತ್ತ ಎಡಗೈಯಿಂದ ಹಿಟ್ಟು ತಳ್ಳುವ ಗೃಹಿಣಿಗೆ ಇದರ ಮರ್ಮ ಬೇಗ ತಿಳಿದೀತು. ಇಲ್ಲಿ ಮಾತ್ರ ಎರಡು ಕೆಲಸವೂ ಒಂದೇ ಕೈಯಿಂದ ಆಗಬೇಕು.

1920 ಮತ್ತು 30ರ ದಶಕಗಳಲ್ಲಿ ಮುದ್ರಿತವಾದ ಈ ವಾದನಕ್ಕೆ 1960ರ ಹೊತ್ತಿಗೆ ಅಮೆರಿಕ, ಇಂಗ್ಲೆಂಡುಗಳ ನಗರದ ತರುಣರು ಮಾರುಹೋದರು. ಸ್ವರಲಿಪಿ ದುರ್ಲಭ, ಗುರುಗಳು ಎಲ್ಲಿರುವರೋ ತಿಳಿಯದು. ಇದ್ದದ್ದು ಚರಚರ ಸದ್ದಿನ ಹಳೆಯ ತಟ್ಟೆ, ಇಲ್ಲವೆ ಅದರಿಂದ ಮರುಮುದ್ರಿಸಿದ ಎಲ್.ಪಿ. ಆಗ ಅವರು ಕಂಡುಕೊಂಡ ಉಪಾಯ ಸೊಗಸಾದುದು. ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ಎಲ್.ಪಿ.ಯನ್ನು 16⅔ ಸುತ್ತಿಗೆ ಇಳಿಸಿದರೆ ವೇಗ ಅರ್ಧವಾಗುತ್ತದೆ. ಶ್ರುತಿಯೂ ಸರಿಯಾಗಿ ಒಂದು ಸಪ್ತಕ ಕೆಳಗಿಳಿಯುತ್ತದೆ. ಷಡ್ಜವು ಷಡ್ಜವಾಗಿಯೇ ಉಳಿಯುತ್ತದೆ, ಮಂದ್ರಕ್ಕೆ ಸರಿಯುತ್ತದೆ ಅಷ್ಟೆ. ಓಡುತ್ತಿದ್ದ ಬೆರಳುಗಳು ಒಂದೊಂದಾಗಿ ಕಿವಿಗೆ ಸಿಗುತ್ತವೆ.

ಆದರೂ ಕೈ ಕಾಣುವುದಿಲ್ಲವಲ್ಲ! ಗಿಟಾರಿನಲ್ಲಿ ಒಂದೇ ಸ್ವರ ಎರಡು ಮೂರು ಕಡೆ ದೊರೆಯುತ್ತದೆ. ವಾದಕ ಎಲ್ಲಿ ಒತ್ತಿದನೋ, ತಂತಿಗಳನ್ನು ಯಾವ ಶ್ರುತಿಗೆ ಕಟ್ಟಿದ್ದನೋ, ಊಹಿಸಬೇಕು. ಒತ್ತದೆ ಬಿಟ್ಟ ತಂತಿಯ ನಾದ ಬೇರೆ ತೆರನಾಗಿ ಮೊಳಗುತ್ತದೆ. ಆ ಸುಳಿವನ್ನೇ ಹಿಡಿದು ಸಾಗಬೇಕು. 78ರ ತಟ್ಟೆಗಳೆಲ್ಲ ಖಚಿತವಾಗಿ 78 ಸುತ್ತಿನಲ್ಲೇ ಮುದ್ರಿತವಾದವುಗಳೂ ಅಲ್ಲ. ಹಾಗಾಗಿ ಕೇಳಿಸುವ ಶ್ರುತಿಯನ್ನು ಕೂಡ ಕಣ್ಣುಮುಚ್ಚಿ ನಂಬುವಂತಿಲ್ಲ.

ಇಂದು ಸಿಂಧನೂರಿನ ಕಡೆಯ ಮುಕ್ಕುಂದದಲ್ಲಿ ಕುಳಿತವನಿಗೂ ಆ ಹಾಡುಗಳು ಅಂಗೈಯ ಫೋನಿನಲ್ಲಿ ದೊರೆಯುತ್ತವೆ. ಶ್ರುತಿ ಕೆಡದಂತೆ ವೇಗ ತಗ್ಗಿಸುವ ಅನುಕೂಲವೂ ಉಂಟು. ಸುಲಭವಾದದ್ದು ಕೇಳುವ ಕೆಲಸ ಮಾತ್ರ. ಹೆಬ್ಬೆರಳಿಗೆ ತಾಳ ಕೂಡುವ ಮುನ್ನವೇ ಹಾಡಿಗೆ ಕೈಹಾಕುವ ಆತುರಗಾರನಿಗೆ ಯಾವ ಯಂತ್ರವೂ ನೆರವಾಗದು. ಮೊದಲು ಹಾಡನ್ನು ಬಾಯಲ್ಲಿ ಹಾಡಿಕೊಳ್ಳಬೇಕು. ಬಳಿಕ ಹೆಬ್ಬೆರಳೊಂದನ್ನೇ ದಿನಗಟ್ಟಲೆ ಪಳಗಿಸಬೇಕು. ಉಳಿದ ಬೆರಳುಗಳಿಗೆ ಅನಂತರವೇ ಸರದಿ.

ಮಿಸಿಸಿಪ್ಪಿಯ ಜಾನ್ ಹರ್ಟ್ ಎಂಬಾತನ ಕಥೆ ಇಲ್ಲಿ ನೆನೆಯತಕ್ಕದ್ದು. ಗುರುವಿಲ್ಲದೆ ಗಿಟಾರ್ ಕಲಿತ ಈ ಹೊಲದ ಕೂಲಿಗಾರ 1928ರಲ್ಲಿ ಓಕೆ ಕಂಪನಿಗೆ ಕೆಲವು ಹಾಡು ಹಾಡಿದ. ತಟ್ಟೆಗಳು ಮಾರಾಟವಾಗಲಿಲ್ಲ, ಆತ ಮತ್ತೆ ಹೊಲಕ್ಕೆ ಹೊರಟ. ಮುಂದೆ ಆ ಹಾಡುಗಳಲ್ಲೊಂದಾದ ‘ಆವಲಾನ್ ಬ್ಲೂಸ್’ನಲ್ಲಿ ಆತ ತನ್ನ ಊರಿನ ಹೆಸರನ್ನು ಹೇಳಿದ್ದು ಕೇಳುಗರ ಕಿವಿಗೆ ಬಿತ್ತು. ಆ ಸುಳಿವಿನಿಂದಲೇ ಟಾಮ್ ಹಾಸ್ಕಿನ್ಸ್ ಎಂಬ ತರುಣ 1963ರಲ್ಲಿ ಆವಲಾನ್ ಹುಡುಕಿಕೊಂಡು ಹೋದ. ಎಪ್ಪತ್ತರ ಆಸುಪಾಸಿನ ಹರ್ಟ್ ಅಲ್ಲೇ ಇದ್ದ! ಅದೇ ವರ್ಷ ನ್ಯೂಪೋರ್ಟ್ ಜಾನಪದ ಗಾನೋತ್ಸವದಲ್ಲಿ ಆತ ನುಡಿಸಿದಾಗ, ತಟ್ಟೆಯಿಂದ ಊಹಿಸಿ ಕಲಿತವರಿಗೆ ಆ ಹೆಬ್ಬೆರಳು ಕಣ್ಣಿಗೇ ಬಿತ್ತು. 1966ರಲ್ಲಿ ಆತ ತೀರಿಕೊಂಡ.

ಹರ್ಟನನ್ನು ಹುಡುಕಿದವನಿಗೆ ಹಾಡೇ ದಾರಿ ತೋರಿತು. ಗದಗಿನ ಹುಡುಗನೊಬ್ಬನಿಗೆ ಆ ಭಾಗ್ಯವಿರಲಿಲ್ಲ. ಅಬ್ದುಲ್ ಕರೀಂ ಖಾನರ ಗಾಯನವನ್ನು ಗ್ರಾಮಫೋನಿನಲ್ಲಿ ಕೇಳಿ ಮರುಳಾದ ಭೀಮಸೇನ ಜೋಶಿ, 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನರಸಿ ಮನೆ ಬಿಟ್ಟರು. ಗ್ವಾಲಿಯರ್ ಮೊದಲಾದ ಊರುಗಳಲ್ಲಿ ಅಲೆದು ಜಲಂಧರ ಸೇರಿದರು. ಅಲ್ಲಿ ಭೇಟಿಯಾದ ವಿನಾಯಕರಾವ್ ಪಟವರ್ಧನರು, ಊರಿಗೆ ಹಿಂದಿರುಗಿ ಸವಾಯಿ ಗಂಧರ್ವರ ಬಳಿ ಕಲಿಯುವಂತೆ ಹೇಳಿದರು. ಸವಾಯಿ ಗಂಧರ್ವರು ಅದೇ ಕರೀಂ ಖಾನರ ಶಿಷ್ಯರು. ಇದ್ದದ್ದು ಕುಂದಗೋಳದಲ್ಲಿ, ಗದಗಿನಿಂದ ಒಂದು ದಿನದ ಹಾದಿಯೂ ಅಲ್ಲ. 1936ರಲ್ಲಿ ಪಾಠ ಆರಂಭವಾಯಿತು.