ಗಾಯಕ್ಕೆ ಶೇಕಡಾ ಎಷ್ಟು?

ಯುದ್ಧದಿಂದ ಮರಳಿದ ಯೋಧನ ನೋವನ್ನು ಅಳೆಯಲಾದೀತೆ? ಅಮೆರಿಕದ ಸರಕಾರ ಅಳೆಯುತ್ತದೆ. ಸೇವೆಯಿಂದ ಉಂಟಾದ ಊನಕ್ಕೆ ಹತ್ತು, ಇಪ್ಪತ್ತು ಎಂದು ನೂರರವರೆಗೆ ಶೇಕಡಾ ದರ್ಜೆಯನ್ನು ಗೊತ್ತುಮಾಡಿ, ಅದಕ್ಕೆ ತಕ್ಕಂತೆ ಪ್ರತಿ ತಿಂಗಳೂ ಪರಿಹಾರಧನ ನೀಡುವುದು ಅಲ್ಲಿನ ಪದ್ಧತಿ.

ಈ ಗಣಿತ ವಿಚಿತ್ರವಾದುದು. ಒಬ್ಬನ ಬೆನ್ನಿಗೆ ಶೇಕಡಾ 50, ಕಾಲಿಗೆ 30 ಎಂದಾದರೆ ಒಟ್ಟು 80 ಅಲ್ಲ! ಮೊದಲ ಊನ ಕಳೆದು ಉಳಿದ 50ರಲ್ಲಿ ಶೇಕಡಾ 30, ಎಂದರೆ 15 ಮಾತ್ರ ಸೇರುತ್ತದೆ. ಹಾಗೆ ಬಂದ 65ನ್ನು 70ಕ್ಕೆ ಏರಿಸಿ ಬರೆಯುತ್ತಾರೆ.

ಆದರೆ ಸಂಸಾರ ಸಾಗುವುದು ಇಂಥ ಲೆಕ್ಕದಿಂದಲ್ಲ. 70 ಭಾಗ ಊನವುಳ್ಳವನಿಗೆ ಉಳಿದ 30 ಭಾಗಕ್ಕೆ ಕೆಲಸ ಕೊಡುವ ಮಾಲಿಕನೆಲ್ಲಿದ್ದಾನೆ? ಇದನ್ನು ಮನಗಂಡೇ ಅಲ್ಲಿನ ನಿಯಮ ಒಂದು ಬಾಗಿಲನ್ನು ತೆರೆದಿಟ್ಟಿದೆ. ಸಾಮಾನ್ಯವಾಗಿ, ಒಂದೇ ಊನ ಶೇಕಡಾ 60 ಇರಬೇಕು. ಇಲ್ಲವೆ ಹಲವು ಊನಗಳು ಕೂಡಿ 70 ಆಗಿ, ಅವುಗಳಲ್ಲಿ ಒಂದಾದರೂ 40 ಇರಬೇಕು. ಆ ಊನಗಳಿಂದಾಗಿಯೇ ಜೀವನಕ್ಕೆ ಸಾಲುವ ಉದ್ಯೋಗದಲ್ಲಿ ನಿಲ್ಲಲಾರನೆಂದು ರುಜುವಾತಾದರೆ, ಪೂರ್ತಿ ನೂರರ ದರದಲ್ಲಿ ಹಣ ಸಲ್ಲುತ್ತದೆ. ವಯಸ್ಸನ್ನು ಗಣನೆಗೆ ತರುವಂತಿಲ್ಲ.

ಅಧಿಕಾರಿಯ ಅಳತೆಯೇ ತಪ್ಪಿದರೆ? ಬಹುಕಾಲ ಇಲಾಖೆಯ ಮಾತೇ ಕಡೆಯ ಮಾತಾಗಿತ್ತು. ಒಬ್ಬ ಯೋಧನ ಪರಿಹಾರದ ಪ್ರಶ್ನೆಯಲ್ಲಿ ನ್ಯಾಯಾಲಯ ಕೈಹಾಕುವಂತಿರಲಿಲ್ಲ. ಮೇಲಾಗಿ, ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಯೋಧರು ಸುಲಿಗೆಗೆ ತುತ್ತಾಗದಿರಲೆಂದು ವಕೀಲರ ಫೀಜು 10 ಡಾಲರನ್ನು ಮೀರಕೂಡದೆಂದು ಕಾನೂನಾಯಿತು. ನೂರಿಪ್ಪತ್ತು ವರ್ಷ ಕಳೆದರೂ ಆ ಮಿತಿ ಕದಲಲಿಲ್ಲ! ಹತ್ತು ಡಾಲರಿಗೆ ವಾದಿಸುವ ವಕೀಲನಾದರೂ ಯಾರು? ಕಾಪಾಡಲೆಂದು ಹಾಕಿದ ಬೇಲಿಯೇ ಯೋಧನನ್ನು ಒಂಟಿಯಾಗಿಸಿತು. 1988ರ ಕಾನೂನಿನಿಂದ ಪ್ರತ್ಯೇಕ ನ್ಯಾಯಾಲಯ ಹುಟ್ಟಿತು. ಫೀಜಿನ ಕಟ್ಟೂ ಸಡಿಲವಾಯಿತು.

2019ರ ಫೆಬ್ರವರಿಯಿಂದ ನೊಂದವನಿಗೆ ಮೂರು ಹಾದಿಗಳಿವೆ: ಹೊಸ ಸಾಕ್ಷ್ಯದೊಡನೆ ಮತ್ತೆ ಅರ್ಜಿ, ಇದ್ದ ಕಡತವನ್ನೇ ಹಿರಿಯ ಅಧಿಕಾರಿಯಿಂದ ಪುನಃ ಪರಿಶೀಲಿಸುವುದು, ಇಲ್ಲವೆ ಮೇಲ್ಮನವಿ ಮಂಡಲಿ. ನಿರ್ಣಯ ಬಂದ ಒಂದು ವರ್ಷದೊಳಗೆ ಹೆಜ್ಜೆಯಿಟ್ಟರೆ, ಗೆದ್ದಾಗ ಹಿಂದಿನ ಬಾಕಿಯೂ ಕೈಸೇರಬಹುದು. ಮಂಡಲಿಯೂ ಒಪ್ಪದಿದ್ದರೆ 120 ದಿನಗಳೊಳಗೆ ನ್ಯಾಯಾಲಯದ ಮೊರೆಹೋಗಬಹುದು.

ಈ ಹೋರಾಟದಲ್ಲಿ ವೈದ್ಯರ ವರದಿಯೊಂದೇ ಆಯುಧವಲ್ಲ. ಹಳೆಯ ಮಾಲಿಕನ ಪತ್ರ ಸಾಕ್ಷ್ಯವಾಗುತ್ತದೆ. ರಾತ್ರಿಯೆಲ್ಲ ಆತ ನಿದ್ರೆಯಿಲ್ಲದೆ ಹೊರಳುವುದನ್ನೂ, ಮೆಟ್ಟಿಲೇರಲಾರದೆ ಕೂರುವುದನ್ನೂ ಕಣ್ಣಾರೆ ಕಂಡ ಮಡದಿ ಬರೆದುಕೊಟ್ಟ ಹೇಳಿಕೆಯೂ ಸಾಕ್ಷ್ಯವೇ. ಪರ-ವಿರೋಧದ ಸಾಕ್ಷ್ಯಗಳು ಸಮತೂಕವಾಗಿ ನಿಂತರೆ, ಸಂಶಯದ ಲಾಭ ಯೋಧನಿಗೇ ಸಲ್ಲಬೇಕೆಂಬುದು ಅಲ್ಲಿನ ಕಾನೂನು. ಅಂಥ ತಕ್ಕಡಿಯಲ್ಲಿ ಮನೆಯಾಕೆಯ ನಾಲ್ಕು ಸಾಲಿನ ತೂಕ ಅಲ್ಪವೇನಲ್ಲ.