ಒಪ್ಪಿಸಿಕೊಡುವ ಪ್ರೀತಿ: ಕೊರಿಯದ ಕುಟುಂಬವನ್ನು ಕುರಿತು

ಕಟ್ಟುನಿಟ್ಟಿನ ತಂದೆ, ಮಮತೆಯ ತಾಯಿ ಎಂಬುದು ಕೊರಿಯದ ಕನ್ಫ್ಯೂಷಿಯಸ್ ಪರಂಪರೆಯ ಆದರ್ಶ. ದಕ್ಷಿಣ ಕೊರಿಯದಲ್ಲಿ ಕೈಗಾರಿಕೆ ಬೆಳೆದಂತೆ ದೀರ್ಘ ದುಡಿಮೆಯು ತಂದೆಯನ್ನು ಮನೆಯಿಂದ ದೂರ ಮಾಡಿತು. ಮಕ್ಕಳ ಶಿಸ್ತು, ವಿದ್ಯೆಗಳೆರಡರ ಹೊಣೆಯೂ ತಾಯಿಯ ಮೇಲೆ ಬಿದ್ದಿತು. ವಿದ್ಯಾಭ್ಯಾಸಕ್ಕಾಗಿ ಮಡದಿಮಕ್ಕಳನ್ನು ಪರದೇಶಕ್ಕೆ ಕಳುಹಿಸಿ, ತಾನೊಬ್ಬನೇ ಉಳಿದು ದುಡಿಯುವ ತಂದೆಯನ್ನು ಅಲ್ಲಿ ‘ಕಿರೊಗಿ ಅಪ್ಪಾ’, ಅಂದರೆ ಹೆಬ್ಬಾತು ತಂದೆ, ಎನ್ನುತ್ತಾರೆ. ಆದುದರಿಂದ ತಾಯಿಯ ಅತಿಹಿಡಿತವನ್ನು ಆಕೆಯೊಬ್ಬಳ ದೋಷವೆಂದು ನಾವು ಎಣಿಸಲಾಗದು. ಮಗುವಿನ ಅಂಕಗಳೇ ತಾಯಿಯ ಯೋಗ್ಯತೆಗೆ ಅಳತೆಗೋಲಾದಾಗ, ಮಗು ಸ್ವಂತ ದಾರಿ ಹಿಡಿಯುವುದು ದ್ರೋಹವಾಗಿ ತೋರುತ್ತದೆ.

ನವೆಂಬರಿನಲ್ಲಿ ನಡೆಯುವ ‘ಸುನಂಗ್’ ಪ್ರವೇಶಪರೀಕ್ಷೆಗಾಗಿ ಅಲ್ಲಿನ ಅನೇಕ ಸಭೆಗಳಲ್ಲಿ ತಾಯಂದಿರು ದಿನಗಟ್ಟಲೆ ಪ್ರಾರ್ಥಿಸುತ್ತಾರೆ. ಆ ಕಣ್ಣೀರನ್ನು ನಾವು ಹೀನೈಸಬಾರದು. ಆದರೆ ಹನ್ನಳ ಪ್ರಾರ್ಥನೆಯು ಮಗನನ್ನು ಪಡೆಯುವುದರಲ್ಲಿ ಮುಗಿಯದೆ, ಅವನನ್ನು ಶಿಲೋವಿನಲ್ಲಿ ದೇವರಿಗೆ ಒಪ್ಪಿಸುವುದರಲ್ಲಿ ನೆರವೇರಿತು. ಸಮುವೇಲನು ದೇವರ ಕರೆಯನ್ನು ಕೇಳಿದ್ದು ತಾಯಿಯ ಮಗ್ಗುಲಲ್ಲಿ ಅಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯಾದರೋ (6:4) ಮಕ್ಕಳನ್ನು ಕೆಣಕದೆ ಸಾಕುವ ಹೊಣೆಯನ್ನು ತಂದೆಗಳ ಹೆಸರೆತ್ತಿಯೇ ವಹಿಸುತ್ತದೆ.

ಹೀಗಿರುವಲ್ಲಿ ಸಭೆಯ ಸೇವೆ ಎರಡು ಬಗೆಯದು: ತಂದೆಯನ್ನು ಮನೆಗೆ ಮರಳಿ ಕರೆಯುವುದು; ಮಗು ತನ್ನ ಸೊತ್ತಲ್ಲ, ದೇವರು ವಹಿಸಿಕೊಟ್ಟ ನಿಕ್ಷೇಪವೆಂದು ತಾಯಿಗೆ ನೆನಪಿಸಿ, ಅವಳ ಭಾರವನ್ನು ಇಳಿಸುವುದು. ಪರೀಕ್ಷೆಯ ಜಯಕ್ಕಾಗಿ ಮಾತ್ರ ಮೊಣಕಾಲೂರುವ ಸಭೆ ಈ ಎರಡನ್ನೂ ಮರೆತೀತು.