ಮನೆಯಲ್ಲಿ ಮಾಲ್ಟ್‌ನಿಂದ ಬಿಯರ್ ತಯಾರಿಕೆ: ಸಾರ್ವಜನಿಕರ ತಿಳಿವಳಿಕೆಗಾಗಿ

ಮೊಳಕೆ ಬರಿಸಿದ ಧಾನ್ಯದಿಂದ ಸ್ವಂತ ಉಪಯೋಗಕ್ಕೆ ಮನೆಯಲ್ಲಿಯೇ ಬಿಯರ್ ತಯಾರಿಸಲು ಯಾವ ಅರ್ಜಿ ಸಲ್ಲಿಸಬೇಕು ಎಂದು ವಿಚಾರಿಸುವವರುಂಟು. ಹೊರದೇಶದಲ್ಲಿ ಕೆಲವು ವರ್ಷ ನೆಲೆಸಿ ಹಿಂದಿರುಗಿದವರಿಗೆ ಈ ಪ್ರಶ್ನೆ ಸಹಜವಾದುದು. ಬ್ರಿಟನ್ನಿನಲ್ಲಿ 1963ರಿಂದ ಗೃಹಬಳಕೆಯ ಬಿಯರಿಗೆ ಸನ್ನದು ಬೇಕಿಲ್ಲ. ಅಮೆರಿಕದಲ್ಲಿ 1978ರಲ್ಲಿ ಅಂಗೀಕಾರವಾದ ಕಾನೂನಿನಂತೆ ಒಬ್ಬ ವಯಸ್ಕನಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲದೆ ತಯಾರಿಸಬಹುದು. ಅಲ್ಲಿಯೂ ಅದನ್ನು ಮಾರುವಂತಿಲ್ಲ.

ಕರ್ನಾಟಕದಲ್ಲಿ ಸ್ಥಿತಿ ಬೇರೆ. ಭಾರತ ಸಂವಿಧಾನದ ಏಳನೆಯ ಅನುಸೂಚಿಯ ಮೇರೆಗೆ ಮಾದಕ ಪಾನೀಯಗಳ ವಿಷಯವು ರಾಜ್ಯಪಟ್ಟಿಗೆ ಸೇರಿರುವುದರಿಂದ ಈ ಬಗ್ಗೆ ಪ್ರತಿ ರಾಜ್ಯಕ್ಕೂ ತನ್ನದೇ ಆದ ಕಾನೂನಿದೆ. ಛತ್ತೀಸ್‌ಗಢದಂತಹ ಕೆಲವು ರಾಜ್ಯಗಳಲ್ಲಿ ಬುಡಕಟ್ಟು ಸಮುದಾಯಗಳ ಸಾಂಪ್ರದಾಯಿಕ ಪಾನೀಯಗಳಿಗೆ ಗೃಹಬಳಕೆಯ ಮಿತಿಯಲ್ಲಿ ವಿನಾಯಿತಿಯಿದೆ. ನಮ್ಮಲ್ಲಿ ಅನ್ವಯವಾಗುವುದು ಕರ್ನಾಟಕ ಅಬಕಾರಿ ಅಧಿನಿಯಮ, 1965. ಅದರ ಪ್ರಕಾರ ಮಾಲ್ಟ್‌ನಿಂದ ತಯಾರಾದ ಹುದುಗಿದ ಪಾನೀಯವೆಲ್ಲವೂ ‘ಬಿಯರ್’ ಎಂಬ ಪದದಲ್ಲಿ ಅಡಕವಾಗಿದೆ. 13ನೇ ಪ್ರಕರಣದ ಮೇರೆಗೆ ಸನ್ನದಿಲ್ಲದೆ ಮಾದಕ ಪದಾರ್ಥ ತಯಾರಿಸುವಂತಿಲ್ಲ. ತಯಾರಿಸುವ ಉದ್ದೇಶದಿಂದ ಸಾಮಗ್ರಿ, ಪಾತ್ರೆ, ಉಪಕರಣಗಳನ್ನು ಇಟ್ಟುಕೊಳ್ಳುವುದೂ ನಿಷಿದ್ಧ. ಉಲ್ಲಂಘನೆಗೆ 32ನೇ ಪ್ರಕರಣದಲ್ಲಿ ಕಾರಾಗೃಹವಾಸ ಮತ್ತು ಜುಲ್ಮಾನೆಯನ್ನು ವಿಧಿಸಲಾಗಿದೆ. ‘ಮಾರುವುದಿಲ್ಲ, ಮನೆಯವರೇ ಕುಡಿಯುತ್ತೇವೆ’ ಎಂಬ ಸಮಜಾಯಿಷಿ ಇಲ್ಲಿ ರಕ್ಷಣೆಯಾಗದು. ಊರಿಗೆ ಬರುವ ಬಂಧುಗಳ ಮೂಲಕ ತಯಾರಿಕೆಯ ಪೆಟ್ಟಿಗೆ ತರಿಸಿಕೊಳ್ಳುವವರು ಇದನ್ನು ಮೊದಲೇ ಅರಿತಿರುವುದು ಒಳಿತು.

ಹಾಗಾದರೆ ಮೊಳಕೆ ಧಾನ್ಯವೇ ಅಪರಾಧವೇ? ಖಂಡಿತ ಅಲ್ಲ. ಕೂಸಿಗೆ ಸರಿ ಮಾಡಲು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಬೀಸುವ ಪದ್ಧತಿ ನಮ್ಮ ಮನೆಗಳಲ್ಲಿ ಬಹಳ ಹಿಂದಿನಿಂದ ಇದೆ. ಬಾರ್ಲಿಯ ಮಾಲ್ಟ್ ಆಗುವುದೂ ಹೀಗೆಯೇ. ಕಾಳು ಮೊಳೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವಗಳು ಸಿದ್ಧವಾಗುತ್ತವೆ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದು ಇವುಗಳ ಕೆಲಸ. ಮೊಳಕೆಯ ರಾಗಿಹಿಟ್ಟಿನ ಗಂಜಿ ತೆಳುವಾಗಿಯೂ ಸಿಹಿಯಾಗಿಯೂ ಇರುವುದಕ್ಕೆ ಇದೇ ಕಾರಣ.

ಬಿಯರ್ ತಯಾರಿಕೆಯಲ್ಲಿ ಮಾಲ್ಟ್‌ನ ನುಚ್ಚನ್ನು ಸುಮಾರು 65ರಿಂದ 68 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆಯಷ್ಟು ಕಾಲ ಇಡಲಾಗುತ್ತದೆ. ಶಾಖ ಬಹಳ ಏರಿದರೆ ಕಿಣ್ವಗಳು ನಾಶವಾಗಿ ಪಿಷ್ಟ ಹಾಗೆಯೇ ಉಳಿಯುತ್ತದೆ. ಸೋಸಿದ ಸಿಹಿರಸಕ್ಕೆ ಹಾಪ್ಸ್ ಎಂಬ ಹೂವನ್ನು ಸೇರಿಸಿ ಕುದಿಸುವುದು ಕಹಿಗಾಗಿ. ಈ ಹಂತದವರೆಗೂ ಪಾತ್ರೆಯಲ್ಲಿರುವುದು ಧಾನ್ಯದ ಸಕ್ಕರೆನೀರು ಮಾತ್ರ, ಮದ್ಯಸಾರ ಅದರಲ್ಲಿಲ್ಲ. ತಣಿದ ಮೇಲೆ ಯೀಸ್ಟ್ ಬೆರೆತು ಸಕ್ಕರೆಯು ಮದ್ಯಸಾರ ಹಾಗೂ ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡತೊಡಗಿದಾಗ ಅದು ಮಾದಕ ಪಾನೀಯವಾಗುತ್ತದೆ. ರಸದ ಸಾಪೇಕ್ಷ ಸಾಂದ್ರತೆ 1.050ರಿಂದ 1.010ಕ್ಕೆ ಇಳಿದರೆ ಮದ್ಯಸಾರದ ಪ್ರಮಾಣ ಶೇ. 5ಕ್ಕಿಂತ ತುಸು ಹೆಚ್ಚು. ಇಡ್ಲಿ ಹಿಟ್ಟೂ ಹುದುಗುತ್ತದಲ್ಲ ಎಂದು ಕೇಳುವವರಿಗೆ ಉತ್ತರ: ಅಲ್ಲಿ ಪ್ರಧಾನವಾಗಿ ಕೆಲಸ ಮಾಡುವುದು ಹುಳಿ ತರುವ ಬ್ಯಾಕ್ಟೀರಿಯಾ.

ಸುರಕ್ಷತೆಯ ಬಗ್ಗೆಯೂ ಒಂದು ಮಾತು. ಹುದುಗುವಿಕೆ ಮುಗಿಯುವ ಮೊದಲೇ ಬಾಟಲಿಗೆ ತುಂಬಿದರೆ ಒಳಗಿನ ಅನಿಲದ ಒತ್ತಡಕ್ಕೆ ಗಾಜು ಸಿಡಿದು ಕಣ್ಣಿಗೆ, ಕೈಗೆ ಗಾಯವಾದೀತು. ಬಟ್ಟಿ ಇಳಿಸುವುದಂತೂ ಇದಕ್ಕಿಂತ ಬಹಳ ಅಪಾಯಕರ. ಮನೆಯ ಬಿಯರಿಗೆ ಅವಕಾಶ ಕೊಟ್ಟಿರುವ ಅಮೆರಿಕ, ಬ್ರಿಟನ್‌ಗಳಲ್ಲಿಯೂ ಅನುಮತಿಯಿಲ್ಲದೆ ಮನೆಯಲ್ಲಿ ಬಟ್ಟಿ ಇಳಿಸುವಂತಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿಯೂ, 2008ರಲ್ಲಿ ಕರ್ನಾಟಕ ಮತ್ತು ತಮಿಳುನಾಡಿನಲ್ಲಿಯೂ ನೂರಾರು ಮಂದಿ ಪ್ರಾಣ ಕಳೆದುಕೊಂಡದ್ದು ಮೆಥನಾಲ್ ಬೆರೆತ ಅಕ್ರಮ ಮದ್ಯದಿಂದ. ಬಿಯರ್ ಹುದುಗುವಾಗ ಆ ವಿಷ ಅಪಾಯಕಾರಿ ಪ್ರಮಾಣದಲ್ಲಿ ಉಂಟಾಗುವುದಿಲ್ಲವಾದರೂ, ಎಲ್ಲಿಂದ ಬಂದಿತೆಂದು ತಿಳಿಯದ ಮದ್ಯವನ್ನು ಯಾರೂ ಮುಟ್ಟಬಾರದು.

ಬೆಂಗಳೂರಿನ ಮೈಕ್ರೋಬ್ರೂವರಿಗಳನ್ನು ಕಂಡು ಅಂತಹುದೇ ಸನ್ನದನ್ನು ಮನೆಗೂ ಪಡೆಯಬಹುದೆಂದು ಭಾವಿಸುವವರಿದ್ದಾರೆ. ಅದು ಕರ್ನಾಟಕ ಅಬಕಾರಿ (ಬ್ರೂವರಿ) ನಿಯಮಗಳು, 1967ರ ಅಡಿಯಲ್ಲಿ ವ್ಯಾಪಾರದ ಸ್ಥಳಕ್ಕೆ ನೀಡುವ ಸನ್ನದು, ಗೃಹಬಳಕೆಗೆ ಅನ್ವಯಿಸದು. ಅಂತಹ ಉದ್ಯಮ ಆರಂಭಿಸಲು ನಿಜವಾಗಿ ಇಚ್ಛಿಸುವವರು ಕಟ್ಟಡಕ್ಕೂ ಯಂತ್ರಕ್ಕೂ ಹಣ ತೊಡಗಿಸುವ ಮುನ್ನವೇ ತಮ್ಮ ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಯಲ್ಲಿ ಚಾಲ್ತಿಯಲ್ಲಿರುವ ಷರತ್ತು ಹಾಗೂ ಶುಲ್ಕಗಳನ್ನು ವಿಚಾರಿಸಿ, ಬರಹದಲ್ಲಿ ಉತ್ತರ ಪಡೆದುಕೊಳ್ಳತಕ್ಕದ್ದು.